ಅಂಗೈ ಪಾಟಿ

ಚಾಚಾ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕಿತ್ತೂರಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ. ಹಿತ್ತಲ ಬಾಗಿಲಿನ ಚಿಲಕ ತುಕ್ಕು ಹಿಡಿದು ಕೂತಿತ್ತು, ಹೊಸದು ಕೊಳ್ಳಲು ಹೋಗಿದ್ದೆ. ಹಿಂದೆ ನಮ್ಮ ಶೆಡ್ಡಿಗೆ ಮಾಲು ತಂದು ಹಾಕುತ್ತಿದ್ದ ಟೆಂಪೋ ಡ್ರೈವರ್ ಅಲ್ಲಿ ಮೊಳೆ ತೂಗಿಸಿಕೊಳ್ಳುತ್ತ ನಿಂತಿದ್ದ. ನನ್ನನ್ನು ನೋಡಿ, "ಅಕ್ಕಾರ, ನಿಮ್ಮ ಚಾಚಾ ಹೋದ್ರಲ್ರಿ, ಹೋದ ಶುಕ್ರಾರ," ಎಂದ. ಹಾಗೆಂದವನೇ ತಕ್ಕಡಿಯ ಕಡೆ ತಿರುಗಿ, ತೂಕ ಕಡಿಮೆಯಾಯಿತು ಎಂದು ಅಂಗಡಿಯವನೊಡನೆ ಜಗಳಕ್ಕೆ ನಿಂತ. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಮನುಷ್ಯ ಸತ್ತ ಮಾತನ್ನು ಮೊಳೆ ತೂಗಿಸುತ್ತ ಹೇಳುತ್ತಾರೆಯೇ? ಚಿಲಕ ಕೊಳ್ಳದೆ ಮನೆಗೆ ಬಂದೆ. ಆ ಸಿಟ್ಟು ಡ್ರೈವರನ ಮೇಲಿನದಲ್ಲ ಎಂದು ಗೊತ್ತಾಗಲು ಸಂಜೆಯಾಯಿತು.

ಚಾಚಾ ನನ್ನ ಬಳಗದವರಲ್ಲ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ಹೊರಗೆ, ಸಂಪಗಾಂವದ ರಸ್ತೆಗೆ, ಒಂದು ತಗಡಿನ ಶೆಡ್ಡಿತ್ತು. ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯದಂತೆ ಫಾಸ್ಫೇಟ್ ಕೂರಿಸಿ ಎಣ್ಣೆಯಲ್ಲಿ ಅದ್ದುವ ಕೆಲಸ ಅಲ್ಲಿಯದು. ಬೆಳಗಾವಿಯ ಕಾರಖಾನೆಗಳಿಂದ ಗೇರು, ಸ್ಪ್ರಿಂಗು, ಬೋಲ್ಟುಗಳು ಟೆಂಪೋದಲ್ಲಿ ಬರುತ್ತಿದ್ದವು. ಬೂದು ಬಣ್ಣಕ್ಕೆ ತಿರುಗಿ, ಎಣ್ಣೆ ಕುಡಿದು, ಎಣ್ಣೆಕಾಗದ ಸುತ್ತಿಸಿಕೊಂಡು ವಾಪಸು ಹೋಗುತ್ತಿದ್ದವು. ಕಾಗದ ಸುತ್ತುವವಳು ನಾನು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದ ನನ್ನನ್ನು ನಮ್ಮಣ್ಣ ಬೇಸತ್ತು ಅಲ್ಲಿ ಕೆಲಸಕ್ಕೆ ಸೇರಿಸಿದ್ದ. ಶೆಡ್ಡಿನ ಮಾಲೀಕರು ಪೇಟೆಯಲ್ಲಿ ಹತ್ತಿಯ ವ್ಯಾಪಾರ ಮಾಡುವವರು, ಯಾವಾಗಲಾದರೊಮ್ಮೆ ಮೂಗಿಗೆ ಕರವಸ್ತ್ರ ಹಿಡಿದು ಬಂದು ಹೋಗುತ್ತಿದ್ದರು. ನಡೆಸುವುದೆಲ್ಲ ಚಾಚಾ.

ಅವರು ಮೂಲತಃ ಮುನವಳ್ಳಿಯವರು. ತೆಳ್ಳಗಿನ ಆಳು, ತಲೆಗೆ ಬಿಳಿ ಟೊಪ್ಪಿಗೆ. ಕಾಸ್ಟಿಕ್ ಸೋಡಾ ಸಿಡಿದು ತೂತು ಬೀಳದ ಒಂದು ಅಂಗಿಯೂ ಅವರ ಬಳಿ ಇರಲಿಲ್ಲ. ಹರೆಯದಲ್ಲಿ ಬೆಳಗಾವಿಯ ಯಾವುದೋ ಕಾರಖಾನೆಯ ಪ್ರೆಸ್ಸಿಗೆ ಬಲಗೈಯ ತೋರುಬೆರಳಿನ ಅರ್ಧ ಕೊಟ್ಟುಬಂದಿದ್ದರು. ಯಾರನ್ನಾದರೂ ಬೈಯುವಾಗ ಆ ಮೋಟು ಬೆರಳನ್ನೇ ಎತ್ತುತ್ತಿದ್ದರು. ಬೈಸಿಕೊಳ್ಳುವವರಿಗೆ ನಗು ತಡೆಯುವುದೇ ಒಂದು ಕೆಲಸವಾಗುತ್ತಿತ್ತು. "ನಗ್ರಿ ನಗ್ರಿ, ಉಳದ ಅರ್ಧಾ ಬೆರಳನೂ ತೋರಸ್ತೇನಿ," ಎಂದು ತಾವೇ ನಗುತ್ತಿದ್ದರು.

ಶೆಡ್ಡಿನೊಳಗೆ ತೊಟ್ಟಿಗಳು ಸಾಲಾಗಿದ್ದವು. ಮೊದಲು ಕುದಿಯುವ ಕಾಸ್ಟಿಕ್ಕು, ಜಿಡ್ಡು ತೆಗೆಯಲು. ನೀರು. ತುಕ್ಕು ತೆಗೆಯಲು ಆ್ಯಸಿಡ್ಡು. ಮತ್ತೆ ನೀರು. ಆಮೇಲೆ ಫಾಸ್ಫೇಟಿನ ಬಿಸಿ ತೊಟ್ಟಿ, ಅದರಾಚೆ ಬಿಸಿನೀರು, ಕೊನೆಗೆ ಎಣ್ಣೆ. ಜಿಡ್ಡು ಹೋಯಿತೋ ಇಲ್ಲವೋ ಎಂದು ನೋಡಲು ಚಾಚಾ ಗೇರಿನ ಮೇಲೆ ನೀರು ಸುರಿಯುತ್ತಿದ್ದರು. ನೀರು ಹಾಸಿದ ಹಾಗೆ ಹರಡಿ ನಿಂತರೆ ಸ್ವಚ್ಛ. ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ ಎಂದರ್ಥ. ಈ ಮಾತನ್ನು ಮನುಷ್ಯರಿಗೂ ಹಚ್ಚುವುದು ಅವರ ಚಾಳಿ. ಮಾಲೀಕರು ಸಿಹಿಸಿಹಿ ಮಾತಾಡಿ ಹೋದ ಮೇಲೆ, "ಸಾವಕಾರರನ್ನ ಇನ್ನೊಮ್ಮೆ ಕಾಸ್ಟಿಕ್ಕಿನ್ಯಾಗ ಅದ್ದಬೇಕ್ರೀ, ನೀರ ಒಡ್ಯಾಕತ್ತೇತಿ," ಎಂದು ಮೆಲ್ಲಗೆ ಹೇಳುತ್ತಿದ್ದರು.

ಫಾಸ್ಫೇಟಿನಿಂದ ಮೇಲೆದ್ದ ಉಕ್ಕನ್ನು ನೋಡಿದರೆ ಯಾರಿಗೂ ಪ್ರೀತಿ ಬರುವುದಿಲ್ಲ. ಹೊಳಪೆಲ್ಲ ಹೋಗಿ, ಎಮ್ಮೆಕರುವಿನ ಮೈಯ ಹಾಗೆ ಬೂದುಗಪ್ಪು, ಮುಟ್ಟಿದರೆ ಸಣ್ಣಗೆ ತರಿತರಿ. "ಚಲೋ ಇದ್ದದ್ದನ್ನ ಕೆಡಿಸಿಬಿಟ್ರಲ್ಲ," ಎಂದು ನಾನು ಮೊದಲ ದಿನವೇ ಬಾಯಿ ಬಿಟ್ಟಿದ್ದೆ. ಚಾಚಾ ಬೇಸರಿಸಿಕೊಳ್ಳಲಿಲ್ಲ. "ಆ ತರಿ ಐತೆಲ್ಲಾ ತಂಗಿ, ಅದ ಎಣ್ಣಿ ಹಿಡದ ಇಟಗೋತೈತಿ. ನುಣ್ಣಂದರ ಮ್ಯಾಲ ಎಣ್ಣಿ ನಿಂದ್ರೂದಿಲ್ಲ. ಎಣ್ಣಿ ಕುಡಿಯೂ ತನಕಾ ಮಾತ್ರ ಅದು ಹಸಿ ಮೈ. ಹಸಿ ಬಾಣಂತಿ ಇದ್ದಂಗ. ಆಗ ಯಾರೂ ಬರಿಗೈಲೆ ಮುಟ್ಟಬಾರದು," ಎಂದರು.

ಬಿಸಿನೀರಿನಿಂದ ಎಣ್ಣೆಗೆ ಹೋಗುವ ಆ ಸ್ವಲ್ಪ ಹೊತ್ತಿನಲ್ಲಿ ಶೆಡ್ಡೆಲ್ಲ ಉಸಿರು ಹಿಡಿದಂತೆ ಇರುತ್ತಿತ್ತು. "ಹಸಿ ಮೈ ಐತಿ, ಮುಟ್ಟಬ್ಯಾಡ್ರಿ!" ಎಂದು ಚಾಚಾ ಕೂಗುತ್ತಿದ್ದರು. ಬೆವರಿನ ಕೈ ತಾಗಿದರೆ ಆ ಕ್ಷಣಕ್ಕೆ ಏನೂ ಕಾಣುವುದಿಲ್ಲ. ಆದರೆ ಬೆವರಿನ ಉಪ್ಪು ಎಣ್ಣೆಯ ಕೆಳಗೆ ಸಿಕ್ಕಿಕೊಂಡು, ಒಂದು ಮಳೆಗಾಲ ಕಳೆಯುವುದರೊಳಗೆ ಬೆರಳ ಗುರುತು ಕೆಂಪಗೆ ಎದ್ದು ಬರುತ್ತದೆ. ಎಲ್ಲರ ಕೈಯೂ ಒಂದೇ ಥರ ಅಲ್ಲ. ಕೆಲವರ ಬೆವರು ಉಕ್ಕಿಗೆ ಏನೂ ಮಾಡುವುದಿಲ್ಲ, ಕೆಲವರದು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಎಬ್ಬಿಸುತ್ತದೆ. ಅದಕ್ಕೇ ಚಾಚಾ ಶೆಡ್ಡಿಗೆ ಬರುವ ಪ್ರತಿಯೊಬ್ಬರ ಅಂಗೈ ನೋಡುತ್ತಿದ್ದರು. ಶಾಲೆಯ ಮಕ್ಕಳ ಪಾಟಿಯಷ್ಟು ದೊಡ್ಡ ಉಕ್ಕಿನ ತಗಡನ್ನು ಉಜ್ಜುಕಾಗದದಿಂದ ಫಳಫಳ ತಿಕ್ಕಿ, ಅದರ ಮೇಲೆ ಅಂಗೈ ಒತ್ತಿಸಿ, ಒದ್ದೆ ಗೋಣಿಯ ಮೇಲಿಟ್ಟು ಬಕೀಟು ಬೋರಲು ಹಾಕುತ್ತಿದ್ದರು. ಮರುದಿನ ತೆಗೆದು ನೋಡುವುದು. ಇದಕ್ಕೆ ನಾವು ಅಂಗೈ ಪಾಟಿ ಎನ್ನುತ್ತಿದ್ದೆವು. ಪಾಟಿಯ ಮೇಲೆ ಏನೂ ಏಳದಿದ್ದರೆ ತೊಟ್ಟಿಯ ಕೆಲಸ, ಸುತ್ತುವ ಕೆಲಸ. ಕೆಂಪು ಕೈ ಎದ್ದರೆ ಹೊರಗೆ, ತೊಟ್ಟಿ ಕಾಯಿಸುವ ಒಲೆಗಳಿಗೆ ಕೋಕ್ ಕಲ್ಲಿದ್ದಲು ಹೊರುವ ಕೆಲಸ. ನೋಡಿಯಾದ ಮೇಲೆ ಚಾಚಾ ಪಾಟಿಯನ್ನು ಮತ್ತೆ ತಿಕ್ಕಿ ಹೊಳಪು ಮಾಡಿಡುತ್ತಿದ್ದರು.

ಒಬ್ಬರ ಅಂಗೈಯನ್ನು ಮಾತ್ರ ಯಾರೂ ನೋಡಿರಲಿಲ್ಲ, ಅದು ಚಾಚಾ ಅವರದು. ಪ್ರತಿ ಬುಟ್ಟಿಯಿಂದ ಒಂದು ಗೇರನ್ನು ಹಸಿ ಮೈಯಲ್ಲೇ ಬರಿಗೈಯಿಂದ ಎತ್ತಿ, ಹೆಬ್ಬೆರಳು ನಡುವಿನ ತೂತಿನೊಳಗೆ, ಉಳಿದ ಬೆರಳು ಹೊರಗೆ ಮಾಡಿ ತಿರುವಿ ತಿರುವಿ ತರಿ ನೋಡುವುದು ಅವರ ಪದ್ಧತಿ. ಅವರ ಕೈಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ ಎಂದು ಅವರ ನಂಬಿಕೆ. "ನಂದು ಒಣಾ ಕೈ. ಕಾಸ್ಟಿಕ್ಕಿನ ಬಿಸಿಗೆ ಬೆವರ ಎಲ್ಲಾ ಎಂದೋ ಬತ್ತಿ ಹೋಗೇತಿ," ಎನ್ನುತ್ತಿದ್ದರು. ಸುಳ್ಳಾಗಿರಲಿಲ್ಲ. ವರ್ಷಗಟ್ಟಲೆ ಅವರು ಮುಟ್ಟಿದ ಯಾವ ಗೇರೂ ಕೆಂಪಾಗಿರಲಿಲ್ಲ.

ಇಂಥ ದಿನಗಳಲ್ಲಿ ನೀಲವ್ವ ಬಂದಳು. ಸಂಪಗಾಂವದವಳು, ಗಂಡ ತೀರಿದ ಹೆಣ್ಣುಮಗಳು. ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಯಾರ ಮನೆಯಲ್ಲಿ ಮದುವೆಯಾಗಲಿ, ಬಸುರಿಯ ಕುಬಸವಾಗಲಿ, ರೊಟ್ಟಿಗೆ ನೀಲವ್ವನೇ ಬೇಕು. ಬಾಣಂತಿಯರ ಮನೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕಲೂ ಅವಳೇ. ಆದರೆ ಮದುವೆ ವರ್ಷವಿಡೀ ಇರುವುದಿಲ್ಲವಲ್ಲ. ನನ್ನ ಪಕ್ಕದಲ್ಲಿ ಕೂತು ಕಾಗದ ಸುತ್ತುವ ಕೆಲಸ ಸಿಕ್ಕರೆ ಸಾಕು ಎಂದು ಬಂದಿದ್ದಳು. ಚಾಚಾ ಪಾಟಿ ತಂದರು. ಅವಳು ನಗುತ್ತ, ಮೆಹೆಂದಿ ಹಚ್ಚಿಸಿಕೊಳ್ಳುವವಳ ಹಾಗೆ ಕೈ ಒತ್ತಿದಳು.

ಮರುದಿನ ಬಕೀಟು ಎತ್ತಿದಾಗ ನಾವೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡೆವು. ಅಂಥ ಕೈಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಐದು ಬೆರಳೂ, ಅಂಗೈಯ ಗೆರೆಗಳೂ ಕೆಂಪು ಮಣ್ಣಿನಲ್ಲಿ ಒತ್ತಿ ಎಬ್ಬಿಸಿದಂತೆ ಕೂತಿದ್ದವು. ನೀಲವ್ವ ಬೂದಿಯಿಂದ ಕೈ ತಿಕ್ಕಿ ತೊಳೆದುಕೊಂಡು ಬಂದು, "ಇನ್ನೊಮ್ಮಿ ನೋಡ್ರಿ ಚಾಚಾರ," ಎಂದಳು. ಇನ್ನೊಮ್ಮೆಯೂ ಅದೇ.

"ನಿನ್ನ ಬೆವರಿನ್ಯಾಗ ಉಪ್ಪ ಭಾಳ ಐತಿ ತಂಗಿ. ನಿನ್ನ ತಪ್ಪಲ್ಲ ಅದು. ಒಳಗ ಕೆಲಸಾ ಕೊಡಾಕ ಬರೂದಿಲ್ಲ, ಹೊರಗ ಕೋಕ್ ಹೊರ್ತಿಯೇನು?"

"ಕೈಗೆ ಅರಬಿ ಸುತಗೊಂಡ ಮಾಡತೇನ್ರಿ."

"ಅರಬಿ ಹಸೀ ಆಗತೈತಿ ಬೇ. ಉಕ್ಕ ಸುಳ್ಳ ತಡಕೊಳ್ಳೂದಿಲ್ಲ."

ಉಕ್ಕು ಸುಳ್ಳು ತಡೆದುಕೊಳ್ಳುವುದಿಲ್ಲ ಎಂಬುದು ಅವರ ಖಾಯಂ ಮಾತು. ನೀಲವ್ವ ಕೋಕ್ ಹೊರಲು ನಿಂತಳು.

ಶೆಡ್ಡಿನ ಮಾತು ಸಂಪಗಾಂವಕ್ಕೆ ತಲುಪಲು ಎಷ್ಟು ಹೊತ್ತು ಬೇಕು? ಹೊರಗೆ ಕೆಲಸ ಮಾಡುವವರಲ್ಲಿ ಅರ್ಧ ಮಂದಿ ಆ ಊರಿನವರೇ. ಹೋಗುವಾಗ ಮಾತು ಬೆವರು, ಉಪ್ಪು ಎಂದೇ ಹೋಯಿತು. ಊರು ಮುಟ್ಟುವುದರೊಳಗೆ ಕೈಗುಣ ಎಂದಾಯಿತು. ನೀಲವ್ವ ಮುಟ್ಟಿದರೆ ಕಬ್ಬಿಣಕ್ಕೇ ಹುಳ ಬೀಳುತ್ತದೆ, ಇನ್ನು ಮನುಷ್ಯರ ಗತಿಯೇನು? ಮೊದಲು ಒಂದು ಮದುವೆಯ ರೊಟ್ಟಿಗೆ ಬೇರೆಯವಳನ್ನು ಕರೆದರು. ಆಮೇಲೆ ಅವಳು ಎಣ್ಣೆ ತಿಕ್ಕಿದ ಕೂಸೊಂದಕ್ಕೆ ಜ್ವರ ಬಂತು. ಕೂಸುಗಳಿಗೆ ಜ್ವರ ಬಾರದೆ ಇರುತ್ತದೆಯೇ! ಆದರೆ ಅಲ್ಲಿಂದ ಯಾವ ತಾಯಿಯೂ ತನ್ನ ಕೂಸನ್ನು ಅವಳ ಕೈಗೆ ಕೊಡಲಿಲ್ಲ. ಬಾವಿಯ ಕಟ್ಟೆಯಲ್ಲಿ ಅವಳ ಕೊಡದ ಪಕ್ಕದಿಂದ ಬೇರೆಯವರ ಕೊಡಗಳು ಸರಿದವು.

ಒಂದು ಮಧ್ಯಾಹ್ನ ಅವಳು ಕೋಕಿನ ಬುಟ್ಟಿ ಇಳಿಸಿ, ಮಸಿ ಮೋರೆಯಲ್ಲೇ ಒಳಗೆ ಬಂದು ಚಾಚಾ ಎದುರು ನಿಂತಳು. "ಚಾಚಾರ, ನಮ್ಮೂರಾಗ ಬಂದ ಒಂದ ಮಾತ ಹೇಳ್ರಿ. ಇದು ಬರೇ ಉಪ್ಪ ಅಂತ ಹೇಳ್ರಿ. ನಿಮ್ಮ ಮಾತ ಕೇಳತಾರು."

ಫಾಸ್ಫೇಟಿನ ತೊಟ್ಟಿಯಲ್ಲಿ ಮಾಲಿತ್ತು. ಚಾಚಾ ತಲೆ ಎತ್ತದೆ, "ಹುಚ್ಚ ಮಂದಿ ಅದಾರ. ಉಪ್ಪಿಗೂ ಕೈಗುಣಕ್ಕೂ ಏನ ಸಂಬಂಧ? ಯಾರರ ಕೇಳಿದ್ರ ನನ್ನ ಕಡೆ ಕಳಸ ಬೇ, ಹೇಳತೇನಿ," ಎಂದರು. ಅದನ್ನು ಕೇಳಿಕೊಂಡು ಬರುವವರು ಯಾರು? ನೀಲವ್ವ ಹೊರಗೆ ಹೋಗಿ ಮತ್ತೆ ಬುಟ್ಟಿ ಹೊತ್ತಳು. ಕೆಲವು ತಿಂಗಳಲ್ಲಿ ಊರನ್ನೇ ಬಿಟ್ಟು, ರಾಮದುರ್ಗದಲ್ಲಿದ್ದ ಅಕ್ಕನ ಮನೆಗೆ ಹೋದಳೆಂದು ಗೊತ್ತಾಯಿತು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಶೆಡ್ಡು ಎಂದಿನಂತೆ ನಡೆಯಿತು.

ನಡೆದದ್ದು ಎರಡು ಮಳೆಗಾಲದವರೆಗೆ. ಆಮೇಲೆ ಬೆಳಗಾವಿಯಿಂದ ಪೆಟ್ಟಿಗೆಗಳು ವಾಪಸು ಬರತೊಡಗಿದವು. ಗೇರುಗಳ ಮೇಲೆ ಅಲ್ಲಲ್ಲಿ ಕೆಂಪು ಬೆರಳುಗಳು. ಚಾಚಾ ಉರಿದುಬಿದ್ದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮತ್ತೆ ಪಾಟಿ ಹಿಡಿಸಿದರು. ನಾನು ಎರಡು ದಿನ ಮಾತು ಬಿಟ್ಟೆ. ಇಷ್ಟು ವರ್ಷ ಕೂಡಿ ಕೆಲಸ ಮಾಡಿದವರ ಮೇಲೆ ಅನುಮಾನವೇ? ಯಾರ ಪಾಟಿಯ ಮೇಲೂ ಏನೂ ಏಳಲಿಲ್ಲ. ಪೆಟ್ಟಿಗೆಗಳು ಬರುವುದೂ ನಿಲ್ಲಲಿಲ್ಲ. ಆ ದಿನಗಳಲ್ಲಿ ಚಾಚಾ ಸೊರಗಿದ್ದರು. ಚಳಿಗಾಲದಲ್ಲೂ ಸೆಕೆ ಎನ್ನುತ್ತಿದ್ದರು, ಚಹಾದ ಕಪ್ಪು-ಬಸಿ ಹಿಡಿದರೆ ತಟತಟ ಸದ್ದು ಬರುತ್ತಿತ್ತು. ಕೆಲಸದ ಚಿಂತೆ ಎಂದುಕೊಂಡಿದ್ದೆವು.

ಒಮ್ಮೆ ಬಂದ ಪೆಟ್ಟಿಗೆಯನ್ನು ಅಂಗಳದ ಬಿಸಿಲಿಗಿಟ್ಟು ಒಡೆಸಿದರು. ಮೇಲಿನ ಗೇರನ್ನು ಎತ್ತಿಕೊಂಡು ತಿರುವಿದರು. ಒಳಗಡೆ ಒಂದು ಹೆಬ್ಬೆರಳು. ಹೊರಗಡೆ ಮೂರು ಬೆರಳುಗಳ ಗುರುತು. ಹೆಬ್ಬೆರಳಿನ ಎದುರಿಗೆ ತೋರುಬೆರಳು ಇರಬೇಕಾದ ಜಾಗ ಮಾತ್ರ ಖಾಲಿ. ಅವರು ಅದನ್ನು ನೋಡಿದರು. ತಮ್ಮ ಕೈಯನ್ನು ಆ ಗುರುತಿನ ಮೇಲೇ ಇಟ್ಟು ನೋಡಿದರು. ಬೆರಳಿಗೆ ಬೆರಳು ಕೂತಿತು. 

ಚಾಚಾ ತಾವೇ ಹೋಗಿ ಪಾಟಿ ತಿಕ್ಕಿದರು. ಎಂದೂ ಅಷ್ಟು ಹೊತ್ತು ತಿಕ್ಕಿದ್ದನ್ನು ನಾನು ನೋಡಿಲ್ಲ. ಎಲ್ಲರೆದುರು ಬಲಗೈ ಒತ್ತಿದರು, ಬಕೀಟು ಮುಚ್ಚಿದರು. ಮರುದಿನ ಬಕೀಟು ಎತ್ತಿದಾಗ ಪಾಟಿಯ ಮೇಲೆ ಕೆಂಪು ಕೈ ಎದ್ದಿತ್ತು, ತೋರುಬೆರಳು ಅರ್ಧ.

"ನೀಲವ್ವನ ಕೈಯಂಗ ಐತಿ," ಎಂದರು.  ಆ ಪಾಟಿಯನ್ನು ಅವರು ತಿಕ್ಕಲಿಲ್ಲ. ಕೆಂಪು ಅಳಿಯದಂತೆ, ಬೆಳೆಯದಂತೆ ಹಾಗೆಯೇ ಎಣ್ಣೆಯಲ್ಲಿ ಅದ್ದಿ ನನ್ನ ಮುಂದಿಟ್ಟು, ಕಾಗದ ಸುತ್ತಲು ಹೇಳಿದರು.

ಬೈಲಹೊಂಗಲದ ಡಾಕ್ಟರು ಕೊರಳಿನ ಗ್ರಂಥಿ ಕೆಟ್ಟಿದೆ, ಅದಕ್ಕೇ ಈ ಬೆವರು, ಈ ನಡುಕ, ಗುಳಿಗೆ ತೆಗೆದುಕೊಂಡರೆ ಇಳಿಯುತ್ತದೆ ಎಂದರಂತೆ. ಯಾರಾದರೂ ನಿಟ್ಟುಸಿರು ಬಿಟ್ಟು ಸುಮ್ಮನಾಗುವ ಮಾತು ಅದು. ಚಾಚಾ ಸುಮ್ಮನಾಗಲಿಲ್ಲ. ಮುಂದಿನ ರಜೆಯ ದಿನವೇ ಪಾಟಿ ಕಂಕುಳಲ್ಲಿಟ್ಟುಕೊಂಡು, "ಸಂಪಗಾಂವಕ್ಕ ಹೋಗೂಣ ಬಾ ತಂಗಿ. ಹೆಣ್ಣಮಕ್ಕಳ ಮುಂದ ನೀನೂ ಒಂದ ಮಾತ ಹೇಳ," ಎಂದರು. ತಮ್ಮ ಕೈಯನ್ನೇ ತೋರಿಸಿದರೆ ನೀಲವ್ವನ ಮೇಲಿನ ಮಾತು ಅಳಿಯುತ್ತದೆ, ಅವಳು ಊರಿಗೆ ವಾಪಸು ಬರಬಹುದು ಎಂದು ಅವರ ಲೆಕ್ಕ. ನನಗೂ ಸರಿ ಎನಿಸಿತು.

ಸಂಪಗಾಂವದಲ್ಲಿ ಚಾಚಾ ಎಂದರೆ ಮರ್ಯಾದೆ ಇತ್ತು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಗಂಡಸರು ಕೂಡಿದರು, ಹೆಂಗಸರು ಬಾಗಿಲುಗಳಲ್ಲಿ ನಿಂತರು. ಚಾಚಾ ಕಾಗದ ಬಿಚ್ಚಿ ಪಾಟಿಯನ್ನು ಎದೆಯ ಮುಂದೆ ಹಿಡಿದುಕೊಂಡರು. "ಇದು ನನ್ನ ಕೈ ನೋಡ್ರಿ. ನೀಲವ್ವಂದೂ ಹಿಂಗ ಇತ್ತು. ಇದು ಬೆವರಿನ ಉಪ್ಪ, ಮತ್ತೇನಲ್ಲ. ಆಕಿ ಕೈ ಕೆಟ್ಟದ್ದಾದ್ರ ನಂದೂ ಕೆಟ್ಟದ್ದ ಅನ್ರಿ."

ಒಬ್ಬ ಮುದುಕಿ ಹತ್ತಿರ ಬಂದು ಪಾಟಿಯನ್ನು ದಿಟ್ಟಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. "ಅಯ್ಯ ನಮ್ಮಪ್ಪಾ! ನಿಮಗೂ ತಗಲಿಸಿ ಹೋದ್ಲಾ ಆಕಿ?"

"ಆಕಿ ತಗಲಿಸಿಲ್ಲಬೇ. ಇದು ನನ್ನ ಮೈಯಾಗಿಂದು."

"ಆಕಿ ಬರೂಕಿಂತ ಮೊದಲ ನಿಮ್ಮ ಕೈ ಹಿಂಗ ಇತ್ತೇನ್ರಿ?"

 ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಕೂಗುತ್ತಿದ್ದೆ: ಹೌದು ಅನ್ನಿ, ಹುಟ್ಟಿದಾಗಿನಿಂದ ಹೀಗೇ ಇತ್ತು ಅನ್ನಿ! ಆ ಒಂದು ಮಾತು ಸಾಕಾಗಿತ್ತು. ಮುಂಚೆಯೂ ಗೇರು ಕೆಂಪಾಗುತ್ತಿದ್ದವು, ನಾನೇ ತಿಕ್ಕಿ ಮುಚ್ಚಿಡುತ್ತಿದ್ದೆ ಅಂದಿದ್ದರೂ ನಡೆಯುತ್ತಿತ್ತು. ಚಾಚಾ ಪಾಟಿಯನ್ನು ನೋಡಿಕೊಂಡರು.

"ಇರಲಿಲ್ಲ," ಎಂದರು.

"ಮತ್ತ?" ಎಂದಳು ಮುದುಕಿ.

ನಾನು ಎದ್ದು ನಿಂತು ಗ್ರಂಥಿ, ಡಾಕ್ಟರು, ಗುಳಿಗೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಚಾಚಾ ಒಳ್ಳೆಯ ಮನುಷ್ಯ, ಕೆಟ್ಟದ್ದು ಮಾಡಿದವಳ ಪರವಾಗಿಯೂ ಮಾತಾಡಲು ಬಂದಿದ್ದಾರೆ ಎಂದು ಮೆಚ್ಚಿದರು. ಮನುಷ್ಯರ ಮೇಲೆ ನನಗೆ ಅಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ. ಅವರ ಮೇಲೂ, ಒಂದು ಸುಳ್ಳು ಹೇಳಲಾರದ ಈ ಮನುಷ್ಯನ ಮೇಲೂ. ಬರುವಾಗ ದಾರಿಯುದ್ದಕ್ಕೂ ಅವರನ್ನು ಒಂದೇ ಸಮನೆ ಬೈದೆ.  "ನಾ ಹೋಗಬಾರದಿತ್ತ ತಂಗಿ. ಮೊದಲ ಬರೇ ಕೈಗುಣ ಅಂತಿದ್ರು. ಈಗ ತಗಲೂ ರೋಗಾ ಆತು," ಎಂದರು.

ಮುಂದಿನ ವಾರ ರಾಮದುರ್ಗಕ್ಕೆ ಹೊರಟೆವು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ, "ವಾಪಸ ಹೋಗೂಣ ನಡೀರಿ. ಆಕೀಗೆ ಏನಂತ ಹೇಳತೀರಿ?" ಎಂದು ಕೇಳಿದೆ. "ಏನೂ ಹೇಳೂದಿಲ್ಲ, ತೋರಸ್ತೇನಿ," ಎಂದರು. ನೀಲವ್ವ ನೇಕಾರರ ಓಣಿಯಲ್ಲಿ ಒಂದು ಪಡಸಾಲೆಯಲ್ಲಿ ಕೂತು ರಾಟೆಯ ಮೇಲೆ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಮುಖ ಇಳಿದಿತ್ತು. ನಮ್ಮನ್ನು ಕಂಡು ಎದ್ದಳು, "ಬರ್ರಿ, ಕುಂಡರ್ರಿ," ಎಂದಳು. ಸಿಟ್ಟು ತೋರಲಿಲ್ಲ, ಸಂತೋಷವನ್ನೂ ತೋರಲಿಲ್ಲ.

ಚಾಚಾ ಕಾಗದ ಬಿಚ್ಚಿ ಪಾಟಿಯನ್ನು ಅವಳ ಮುಂದಿಟ್ಟರು. "ನಂದೂ ನಿನ್ನಂಥಾ ಕೈನ ಆತು, ತಂಗಿ."

ಅವಳು ಬಹಳ ಹೊತ್ತು ನೋಡಿದಳು. "ಡಾಕ್ಟರಿಗೆ ತೋರಿಸಿದ್ರೇನ್ರಿ?"

"ತೋರಿಸೇನಿ. ಗುಳಿಗಿ ಕೊಟ್ಟಾರು."

"ಚಲೋ ಆತ್ರಿ. ನಿಮ್ಮ ಕೈ ಕೆಂಪ ಆದ್ರ ಗುಳಿಗಿ ಕೊಟ್ರು. ನನ್ನ ಕೈಗೆ ಊರ ಬಿಡಿಸಿದ್ರು." ವ್ಯಂಗ್ಯವಿಲ್ಲದೆ, ಮಳೆ ಬೆಳೆಯ ವಿಷಯ ಹೇಳುವ ಹಾಗೆ ಹೇಳಿದಳು. ಸಂಪಗಾಂವದಲ್ಲಿ ನಡೆದದ್ದನ್ನು ಚಾಚಾ ಒಂದೂ ಬಿಡದೆ ತಿಳಿಸಿದರು. ಆಗಲೂ ಮುಚ್ಚಿಡಲು ಬರಲಿಲ್ಲ. ಅವಳು ಎಲ್ಲ ಕೇಳಿ, "ಹೋಗಬಾರದಿತ್ರಿ," ಎಂದಷ್ಟೇ ಅಂದು ಚಹಾ ಮಾಡಲು ಒಳಗೆ ಹೋದಳು.

ಲೋಟಗಳನ್ನು ತಂದು ನಮ್ಮ ಮುಂದೆ ನೆಲದ ಮೇಲಿಟ್ಟಳು. ಚಾಚಾ ಚಾಚಿದ ಕೈ ಹಾಗೇ ಉಳಿಯಿತು. "ಕೈಯಾಗ ಕೊಡವಾ," ಎಂದರು.

"ಬ್ಯಾಡ್ರಿ. ಇಲ್ಲಿ ಮಂದಿಗೆ ಗೊತ್ತಿಲ್ಲ ಖರೆ, ನನಗ ಗೊತ್ತೈತೆಲ್ರಿ. ಯಾರ ಕೈಯಾಗೂ ಏನೂ ಕೊಡೂದಿಲ್ಲ ನಾ."

ಊರಿನವರು ಹೇಳಿದ್ದನ್ನು ಅವಳೇ ನಂಬಿಬಿಟ್ಟಿದ್ದಳು. ಇದು ಬರೇ ಉಪ್ಪು ಎಂದು ಹೇಳಿರಿ ಎಂದು ಶೆಡ್ಡಿಗೆ ಬಂದು ಬೇಡಿದ್ದವಳು ಇವಳೇ. ಚಾಚಾ ಆ ಚಹಾ ಕುಡಿಯಲಿಲ್ಲ. ಕುಡಿಯದೆ ಇರಬಾರದಿತ್ತು. ಚಾಚಿದ್ದ ಕೈಯನ್ನು ಕಿಸೆಗೆ ಹಾಕಿಕೊಂಡು ಎದ್ದರು.

ಅಲ್ಲಿಂದ ಬಂದ ಮೇಲೆ ಅವರು ತೊಟ್ಟಿಗಳ ಹತ್ತಿರ ಹೋಗಲಿಲ್ಲ. ಮಾಲೀಕರು ಕೈಗವಸು ತರಿಸಿಕೊಡುತ್ತೇನೆಂದರು, ಬೇಡವೆಂದರು. ಕೆಲಕಾಲ ಹೊರಗೆ ನಿಂತು ಕೋಕ್ ಹೊರುವವರನ್ನು ನೋಡಿಕೊಂಡರು, ಕೆಂಪು ಕೈಯವರಿಗೆ ತಾವೇ ಇಟ್ಟ ಜಾಗ ಅದು. ಗುಳಿಗೆಗಳಿಂದ ನಡುಕ ನಿಂತಿತು, ಬೆವರೂ ಇಳಿಯಿತು. "ಇನ್ನೊಮ್ಮಿ ಪಾಟಿ ಹಿಡದ ನೋಡ್ರಿ ಚಾಚಾ," ಎಂದು ನಾವೆಲ್ಲ ಗಂಟುಬಿದ್ದೆವು. ಅವರು ಕೈ ಕಿಸೆಯಿಂದ ತೆಗೆಯಲೇ ಇಲ್ಲ. ಆಮೇಲೆ ಬೆಳಗಾವಿಯ ಕಾರಖಾನೆಯವರು ಸ್ವಂತ ತೊಟ್ಟಿಗಳನ್ನು ಹಾಕಿಕೊಂಡರು, ಶೆಡ್ಡಿಗೆ ಬೀಗ ಬಿತ್ತು. ನಮ್ಮ ತೊಟ್ಟಿಗಳನ್ನು ಗುಜರಿಯವರು ಒಡೆದೊಡೆದು ಹೊತ್ತೊಯ್ದರು.

ರಮಜಾನ್ ಹಬ್ಬಕ್ಕೆ ಚಾಚಾ ನಮ್ಮೆಲ್ಲರ ಮನೆಗೂ ಹಾಲು ಶಾವಿಗೆಯ ಸುರಕುಂಬಾದ ಡಬ್ಬಿ ತರುತ್ತಿದ್ದರು. ಹಿಂದೆಲ್ಲ ಅದನ್ನು ನಮ್ಮವ್ವನ ಕೈಗೇ ಕೊಟ್ಟು, ಡಬ್ಬಿ ಖಾಲಿ ಮಾಡಿಸಿಕೊಂಡೇ ಹೋಗುವ ಜಬರದಸ್ತಿ. ರಾಮದುರ್ಗದಿಂದ ಬಂದ ಮೇಲಿನ ಹಬ್ಬಗಳಲ್ಲಿ ಡಬ್ಬಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಬಾಗಿಲು ಬಡಿದು, ದೂರ ಸರಿದು ನಿಲ್ಲುತ್ತಿದ್ದರು. ಈದಿನ ದಿನ ಗೆಳೆಯರು ಎರಡೂ ಕೈ ಚಾಚಿ ಬಂದರೆ, ಅವರು ತಮ್ಮ ಕೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿ ಮುಂದೆ ಹೋಗುತ್ತಿದ್ದುದನ್ನು ರಸ್ತೆಯಲ್ಲಿ ನಾನೇ ನೋಡಿದ್ದೇನೆ. ಗರ್ವ ಬಂದಿದೆ ಎಂದು ಕೆಲವರು ಆಡಿಕೊಂಡರು. ನಾನು ಮದುವೆಯಾಗಿ ಕಿತ್ತೂರಿಗೆ ಬಂದೆ, ಹೊಲಿಗೆ ಅಂಗಡಿ ಹಾಕಿದೆ. ಡಬ್ಬಿಗಳೂ ನಿಂತವು.

ಸುದ್ದಿ ಕೇಳಿದ ಮರುದಿನ ಬೈಲಹೊಂಗಲಕ್ಕೆ ಹೋದೆ. ಚಾಚಾ ಅವರ ಹೆಂಡತಿ, ನಮ್ಮ ಚಾಚಿ, ಒಳಕೋಣೆಯ ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ತಬ್ಬಿಕೊಂಡು ಅತ್ತರು. ಆಮೇಲೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡು ಕೂತರು.

"ನಿಮ್ಮ ಚಾಚಾ ಇಷ್ಟ ವರ್ಷ ನನ್ನ ಕೈಯಾಗ ಏನೂ ಕೊಟ್ಟಿಲ್ಲ ಮಗಳ. ಪಗಾರನೂ ಗೋಡಿ ಮಾಡದಾಗ ಇಡೂದು, ಗುಳಿಗಿನೂ ನಾ ಕೆಳಗ ಇಟ್ಟರ ತಗೊಳ್ಳೂದು. ಕಡೀ ದಿನ ದನಿ ಭಾಳ ಸಣ್ಣ ಆಗಿತ್ತು. ಕೈ ಹಿಡಿಯಾಕ ಹೋದೆ. ಚಾದರದ ಒಳಗ ಎಳಕೊಂಡ್ರು. 'ಹಸಿ ಮೈ ಐತಿ, ಮುಟ್ಟಬ್ಯಾಡ್ರಿ' ಅಂದ್ರು. ಅದಾದ ಮ್ಯಾಲ ಮಾತ ಬರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಮೈ ತೊಳಿಯೂ ಮುಂದ ಗಂಡಸರು ಹಿಡದ್ರಂತ ಆ ಕೈ. ನನಗ ಅದೂ ಸಿಗಲಿಲ್ಲ."

ಪಾಟಿ ಎಲ್ಲಿದೆ ಎಂದು ಕೇಳಿದೆ. ಮಂಚದ ಕೆಳಗೆ, ನಾನು ಅಂದು ಸುತ್ತಿದ್ದ ಎಣ್ಣೆಕಾಗದದಲ್ಲೇ ಇತ್ತು. ಬಿಚ್ಚಿ ನೋಡಿದೆ. ಕೆಂಪು ಅಷ್ಟೇ ಇತ್ತು. ಅಷ್ಟು ವರ್ಷವಾದರೂ ಒಂದು ಎಳೆಯೂ ಬೆಳೆದಿರಲಿಲ್ಲ, ಒಂದು ಎಳೆಯೂ ಅಳಿದಿರಲಿಲ್ಲ. ಎಣ್ಣೆಯ ಕೆಲಸದಲ್ಲಿ ಚಾಚಾ ಕೊನೆಯವರೆಗೂ ಪಕ್ಕಾ. ಮತ್ತೆ ಕಾಗದ ಸುತ್ತಿ ಇದ್ದಲ್ಲೇ ಇಟ್ಟೆ.

ನೀಲವ್ವನಿಗೆ ಯಾರಾದರೂ ಹೇಳಬೇಕಲ್ಲ. ಸವದತ್ತಿ ಮಾರ್ಗವಾಗಿ ರಾಮದುರ್ಗಕ್ಕೆ ಹೋದೆ. ಅದೇ ಪಡಸಾಲೆ, ಅದೇ ರಾಟೆ. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಸುದ್ದಿ ಕೇಳಿ ರಾಟೆ ನಿಲ್ಲಿಸಿದಳು. ಒಂದೇ ಮಾತು ಕೇಳಿದಳು. "ಕಡೀಕ ಕೈ ಯಾರ ಹಿಡದಿದ್ರು?"

"ಯಾರೂ ಇಲ್ಲ. ಹಿಡಿಯಾಕ ಕೊಡಲಿಲ್ಲಂತ."

ನೀಲವ್ವ ತನ್ನ ಎರಡೂ ಅಂಗೈಗಳನ್ನು ತಿರುವಿ ನೋಡಿಕೊಂಡಳು. ಒಳಗೆ ಎದ್ದು ಹೋಗಿ ಚಹಾ ಕಾಸಿ ತಂದಳು. ಈ ಸಲವಾದರೂ ಕೊಡಲಿ ಎಂದು ನಾನು ಅವಳು ಹೊಸ್ತಿಲಲ್ಲಿ ಕಂಡಾಗಿನಿಂದಲೇ ಎರಡೂ ಕೈ ಚಾಚಿಕೊಂಡು ಕೂತಿದ್ದೆ. ಅವಳು ಬಂದು, ನನ್ನ ಕೈಗಳನ್ನು ನೋಡಿ, ಬಗ್ಗಿ ಲೋಟವನ್ನು ನೆಲದ ಮೇಲಿಟ್ಟಳು.